ಮೈತುಂಬ ಹೂ ಬಿಡೋ ಫಿಲಿರಿಯಾ ಯಾಕೆ ಕಾಯಿ ಕಚ್ಚಲ್ಲ?

ಓದುಗರ ಪ್ರಶ್ನೆ: ನಾವು ತುಮಕೂರಿನವರು. ಯಜಮಾನರ ಕೆಲಸದಿಂದಾಗಿ ಈಗ ಫ್ರಾನ್ಸಿನ ಮಾಂಪೆಲಿಯೆ ಊರಲ್ಲಿದ್ದೇವೆ. ಹಿತ್ತಲ ಬೇಲಿಗೆ ಇಲ್ಲಿನ ನರ್ಸರಿಯವರು ಕಿರಿದಾದ ಎಲೆಯ ಫಿಲಿರಿಯಾ ಗಿಡ ಕೊಟ್ಟಿದ್ದರು. ನೋಡೋಕೆ ಆಲಿವ್ ಥರಾನೇ ಇದೆ. ಪಕ್ಕದ ಮನೆಯವರ ಗಿಡ ಶರತ್ಕಾಲಕ್ಕೆ ಕಪ್ಪು ಹಣ್ಣಿನಿಂದ ತುಂಬಿಕೊಳ್ಳುತ್ತೆ. ನಮ್ಮದು ಪ್ರತಿ ವಸಂತದಲ್ಲೂ ಮೈತುಂಬ ಹೂ ಬಿಡುತ್ತೆ, ಆದರೆ ಒಂದು ಕಾಯಿನೂ ಕಚ್ಚಲ್ಲ. ಗೊಬ್ಬರ ಹಾಕಿದೆ, ನೀರು ಜಾಸ್ತಿ ಮಾಡಿದೆ, ಏನೂ ಆಗಲಿಲ್ಲ. ಗಿಡಕ್ಕೆ ರೋಗವಾ? ಇನ್ನೊಂದು, ಪಕ್ಕದವರ ಗಿಡದ ಬೀಜ ತಂದು ಊರಲ್ಲಿ ಹಾಕಬಹುದಾ?

ಉತ್ತರ:

ರೋಗ ಇಲ್ಲ ಮೇಡಂ. ನಿಮ್ಮದು ಗಂಡು ಗಿಡ ಇರಬೇಕು. ವರ್ಷ ವರ್ಷವೂ ಮೈತುಂಬ ಹೂ, ಕಾಯಿ ಮಾತ್ರ ಒಂದೂ ಇಲ್ಲ ಅಂದರೆ ಮೊದಲು ಬರುವ ಅನುಮಾನ ಅದೇ. ಗೊಬ್ಬರ ನಿಲ್ಲಿಸಿಬಿಡಿ. ನೀರನ್ನೂ ಕಡಿಮೆ ಮಾಡಿ. ಕಲ್ಲುನೆಲದಲ್ಲಿ, ಬೇಸಿಗೆ ಪೂರ್ತಿ ಮಳೆಯೇ ಇಲ್ಲದ ಕಡೆ ತಾನಾಗಿ ಬೆಳೆಯುವ ಗಿಡ ಇದು. ಜಾಸ್ತಿ ಉಪಚಾರ ಮಾಡಿದರೆ ಎಳೆ ಚಿಗುರು ಬರುತ್ತೆ, ಅಷ್ಟೇ. ಗಂಡು ಗಿಡವನ್ನು ಕಾಯಿ ಬಿಡಿಸೋಕೆ ಯಾವ ಗೊಬ್ಬರದಿಂದಲೂ ಆಗಲ್ಲ.

ಆದರೂ ತೀರ್ಮಾನಕ್ಕೆ ಮುಂಚೆ ಒಂದೆರಡು ವಿಷಯ ನೋಡಿಕೊಳ್ಳಿ.

ಮೊದಲನೆಯದು, ಇದು ಫಿಲಿರಿಯಾನೇ ಹೌದಾ ಅನ್ನೋದು. ಮಾಂಪೆಲಿಯೆ ಸುತ್ತಲಿನ ಕುರುಚಲು ಕಾಡಿನಲ್ಲಿ ಇದರ ಹಾಗೇ ಕಾಣುವ ಗಿಡಗಳು ಹಲವು ಇವೆ. ಎಲೆ ಕಡ್ಡಿಗೆ ಅಂಟಿಕೊಂಡಿರುವ ರೀತಿ ನೋಡಿ. ಎರಡೆರಡು ಎಲೆ ಎದುರುಬದುರಾಗಿ ಇದ್ದರೆ ಫಿಲಿರಿಯಾ ಇರಬಹುದು. ಒಂದು ಈ ಕಡೆ, ಇನ್ನೊಂದು ಸ್ವಲ್ಪ ಮೇಲೆ ಆ ಕಡೆ ಅಂತಿದ್ದರೆ ಅದು ರಾಮ್ನಸ್ ಅಲಟರ್ನಸ್ ಅನ್ನುವ ಬೇರೆಯೇ ಕುಟುಂಬದ ಗಿಡ. ತೋಟಗಾರರು ಶತಮಾನಗಳಿಂದ ಈ ಎರಡನ್ನು ಒಂದಕ್ಕೊಂದು ಬದಲಿಸಿ ಕರೆಯುತ್ತಾ ಬಂದಿದ್ದಾರೆ. ಆಮೇಲೆ ಎಲೆಯ ಹಿಂಭಾಗ ತಿರುಗಿಸಿ. ಬೆಳ್ಳಿ ಬಣ್ಣ ಇದ್ದರೆ ಆಲಿವ್. ಎರಡೂ ಕಡೆ ಹಸಿರಾಗಿದ್ದರೆ ಫಿಲಿರಿಯಾ. ಇನ್ನು ಬೇಲಿಗೆ ಹಾಕುವ ಪ್ರಿವೆಟ್ ಗಿಡದ ಎಲೆಯೂ ಎದುರುಬದುರೇ, ಆದರೆ ಅದರ ಹೂಗೊಂಚಲು ಕಡ್ಡಿಯ ತುದಿಯಲ್ಲಿ ಬರುತ್ತೆ. ಫಿಲಿರಿಯಾದ ಹೂ ಎಲೆಯ ಕಂಕುಳಲ್ಲಿ, ಪುಟ್ಟ ಪುಟ್ಟ ಗುಂಪಾಗಿ ಬರುತ್ತೆ.

ಈ ಜಾತಿಯಲ್ಲಿ ಈಗ ಒಪ್ಪಿಕೊಂಡಿರುವುದು ಎರಡೇ ಬಗೆ. ಕಿರಿದಾದ ಎಲೆಯದು ಫಿಲಿರಿಯಾ ಅಂಗುಸ್ಟಿಫೋಲಿಯಾ, ಎರಡೂವರೆ ಮೂರು ಮೀಟರ್ ಬೆಳೆಯುವ ಪೊದೆ. ಅಗಲ ಎಲೆಯದು ಫಿಲಿರಿಯಾ ಲ್ಯಾಟಿಫೋಲಿಯಾ, ಬಿಟ್ಟರೆ ಎಂಟೊಂಬತ್ತು ಮೀಟರಿನ ಮರವೇ ಆಗಿಬಿಡುತ್ತೆ. ಈ ಎರಡನೆಯದರಲ್ಲಿ ಎಳೆ ಗಿಡದ ಎಲೆ ಅಗಲವಾಗಿ, ಅಂಚಿಗೆ ಹಲ್ಲು ಹಲ್ಲಾಗಿ ಇರುತ್ತೆ, ಬಲಿತ ಮೇಲೆ ನೀಳವಾಗುತ್ತೆ. ಹಾಗಾಗಿ ಒಂದೇ ಗಿಡದ ಎರಡು ಕಡ್ಡಿ ತಂದು ತೋರಿಸಿದರೆ ಎರಡು ಬೇರೆ ಗಿಡ ಅನ್ನಿಸಬಹುದು. ಹಳೆಯ ಪುಸ್ತಕಗಳಲ್ಲಿ ಇನ್ನೂ ಒಂದಿಷ್ಟು ಹೆಸರು ಸಿಗುತ್ತವೆ. ಮೀಡಿಯಾ ಅಂತಿದ್ದದ್ದನ್ನು ಲ್ಯಾಟಿಫೋಲಿಯಾಕ್ಕೆ ಸೇರಿಸಿದ್ದಾರೆ. ಡೆಕೋರಾ ಅಂತಿದ್ದದ್ದು ಆಸ್ಮ್ಯಾಂಥಸ್ ಅನ್ನುವ ಬೇರೆ ಜಾತಿಗೆ ಹೋಗಿದೆ. ನೀವು ಹೇಳಿದ್ದು ಕಿರಿದಾದ ಎಲೆಯದು, ಸರಿ.

ಎರಡನೆಯದು, ಕತ್ತರಿ. ಬೇಲಿ ಅಂದಿರಲ್ಲ, ಅದಕ್ಕೇ ಕೇಳ್ತಿದ್ದೇನೆ. ಫಿಲಿರಿಯಾ ಹೂ ಬಿಡುವುದು ಹಿಂದಿನ ವರ್ಷದ ಕಡ್ಡಿಯಲ್ಲಿ. ಚಳಿಗಾಲದಲ್ಲಿ ನೀಟಾಗಿ ಕತ್ತರಿಸಿದರೆ ಹೂವೇ ಇಲ್ಲ. ಹೂ ಮುಗಿದ ಕೂಡಲೇ ಕತ್ತರಿಸಿದರೆ ಕಾಯಿ ಹೋಗುತ್ತೆ. ಪಕ್ಕದವರ ಗಿಡವನ್ನು ಸುಮ್ನೆ ಬಿಟ್ಟಿದ್ದು, ನಿಮ್ಮದನ್ನು ಗೋಡೆಯ ಹಾಗೆ ಕತ್ತರಿಸುತ್ತಾ ಇದ್ದರೆ, ಕಾರಣ ಅಲ್ಲೇ ಇರಬಹುದು. ಕತ್ತರಿಯೇ ಹಾಕಿಲ್ಲ ಅಂದರೆ ನನ್ನ ಅನುಮಾನ ಗಟ್ಟಿ.

ಪರೀಕ್ಷೆ ಮಾಡೋದು ಸುಲಭ. ಮಾರ್ಚ್ ಏಪ್ರಿಲ್‌ನಲ್ಲಿ ಒಂದು ಹೂ ಕಿತ್ತು ಭೂತಗನ್ನಡಿಯಲ್ಲಿ ನೋಡಿ. ಹಸಿರು ಬೆರೆತ ಬಿಳಿ ಹೂ, ನಾಲ್ಕು ಸೀಳು, ಎರಡೇ ಕೇಸರ. ಆ ಎರಡು ಕೇಸರದ ನಡುವೆ ಹೆಣ್ಣು ಭಾಗ, ಅಂದರೆ ಪರಾಗ ಹಿಡಿಯುವ ಪುಟ್ಟ ಕಂಬ, ಚೆನ್ನಾಗಿ ಎದ್ದು ನಿಂತಿದ್ದರೆ ದ್ವಿಲಿಂಗಿ ಗಿಡ. ಅಲ್ಲಿ ಬೆಳೆಯದೆ ಉಳಿದ ಒಂದು ಗುಬುಟು ಮಾತ್ರ ಇದ್ದರೆ ಗಂಡು. ಪಕ್ಕದವರ ಗಿಡದ ಹೂವನ್ನೂ ಒಂದು ಕೇಳಿ ತನ್ನಿ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ವ್ಯತ್ಯಾಸ ಗೊತ್ತಾಗಿಬಿಡುತ್ತೆ.

"ದ್ವಿಲಿಂಗಿ" ಅಂದೆ, "ಹೆಣ್ಣು" ಅನ್ನಲಿಲ್ಲ. ಗಮನಿಸಿದಿರಾ? ಫಿಲಿರಿಯಾದ ಸ್ವಾರಸ್ಯ ಇರೋದೇ ಇಲ್ಲಿ. ಪಪ್ಪಾಯಿಯಲ್ಲಿ ಗಂಡು, ಹೆಣ್ಣು, ದ್ವಿಲಿಂಗಿ ಮೂರೂ ನೋಡಿರುತ್ತೀರಿ. ಇಲ್ಲಿ ಬರೀ ಹೆಣ್ಣು ಅನ್ನುವ ಗಿಡವೇ ಇಲ್ಲ. ಇರುವುದು ಗಂಡು ಗಿಡ ಮತ್ತು ಗಂಡೂ ಹೆಣ್ಣೂ ಎರಡೂ ಆಗಿರುವ ಗಿಡ. ಸಸ್ಯಲೋಕದಲ್ಲಿ ಈ ಜೋಡಿ ಸಿಗುವುದು ತೀರಾ ಅಪರೂಪ. ಯಾಕೆ ಅಪರೂಪ ಅಂತ ಸ್ವಲ್ಪ ಲೆಕ್ಕ ಹಾಕಿ ನೋಡೋಣ. ದ್ವಿಲಿಂಗಿ ಗಿಡಕ್ಕೆ ತನ್ನ ವಂಶ ಮುಂದುವರಿಸಲು ಎರಡು ದಾರಿ: ತನ್ನ ಕಾಯಿಯೊಳಗಿನ ಬೀಜ ಒಂದು, ಗಾಳಿಯಲ್ಲಿ ಹೋಗಿ ಬೇರೆ ಗಿಡದಲ್ಲಿ ಕಾಯಿ ಕಟ್ಟಿಸುವ ಪರಾಗ ಇನ್ನೊಂದು. ಗಂಡಿಗೆ ಇರುವುದು ಪರಾಗದ ದಾರಿ ಮಾತ್ರ. ಒಂದು ದಾರಿ ಪೂರ್ತಿ ಮುಚ್ಚಿರುವಾಗ, ಇನ್ನೊಂದರಲ್ಲಿ ಎರಡರಷ್ಟು ಗಳಿಸದಿದ್ದರೆ ಗಂಡು ಗಿಡ ಕೆಲವು ತಲೆಮಾರಿನಲ್ಲಿ ಅಳಿದುಹೋಗಬೇಕು. ಎರಡರಷ್ಟು ಗಳಿಸೋದು ಹುಡುಗಾಟವಲ್ಲ.

ಆದರೆ ಮಾಂಪೆಲಿಯೆ ಸುತ್ತಲಿನ ಕಾಡಿನಲ್ಲಿ ಕಿರಿದಾದ ಎಲೆಯ ಫಿಲಿರಿಯಾ ಎಣಿಸಿದವರಿಗೆ ಸಿಕ್ಕಿದ್ದು ಹೆಚ್ಚುಕಡಿಮೆ ಅರ್ಧಕ್ಕರ್ಧ ಗಂಡು. ಅಳಿಯಬೇಕಾದ್ದು ಅರ್ಧ ಕಾಡು ತುಂಬಿಕೊಂಡಿದೆ! ಲೆಕ್ಕಕ್ಕೂ ಕಾಡಿಗೂ ತಾಳೆಯೇ ಆಗಲಿಲ್ಲ. "ದ್ವಿಲಿಂಗಿ ಅಂತ ಕಾಣುವ ಗಿಡಗಳು ನಿಜಕ್ಕೂ ಹೆಣ್ಣೇ ಇರಬೇಕು, ಅವುಗಳ ಪರಾಗ ಸುಮ್ನೆ ತೋರಿಕೆಗೆ" ಅಂತ ಕೆಲವರು ವಾದಿಸಿದರು. ಆ ಪರಾಗದಿಂದಲೂ ಬೀಜ ಕಟ್ಟುತ್ತೆ ಅಂತ ಗೊತ್ತಾದ ಮೇಲೆ ಆ ವಾದ ಬಿತ್ತು.

ಗಂಟು ಬಿಚ್ಚಿದ್ದು 2010ರಲ್ಲಿ. ಪಿಯೆರ್ ಸೋಮಿತು-ಲಾಪ್ರಾದ್ ಅವರ ತಂಡ, ಲೀಲ್ ಮತ್ತು ಮಾಂಪೆಲಿಯೆಯ ವಿಜ್ಞಾನಿಗಳು ಸೇರಿ, ಒಂದೊಂದು ಗಿಡದ ಪರಾಗವನ್ನು ಇನ್ನೊಂದರ ಹೂವಿನ ಮೇಲೆ ಇಟ್ಟು, ಅದು ಮೊಳೆತು ಒಳಗೆ ಇಳಿಯುತ್ತಾ ಅಂತ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾ ಹೋದರು. ಯಾವ ದ್ವಿಲಿಂಗಿಯೂ ತನ್ನದೇ ಪರಾಗ ಒಪ್ಪಲ್ಲ. ಅದರಲ್ಲಿ ಹೊಸದೇನಿಲ್ಲ, ಎಷ್ಟೋ ಗಿಡ ಹಾಗೇ. ಹೊಸದು ಏನೆಂದರೆ, ಕಾಡಿನ ದ್ವಿಲಿಂಗಿಗಳೆಲ್ಲ ಎರಡೇ ಎರಡು ಗುಂಪಾಗಿ ಒಡೆದುಕೊಂಡಿದ್ದವು. ಒಂದು ಗುಂಪಿನ ಪರಾಗ ಅದೇ ಗುಂಪಿನ ಹೂವಿನಲ್ಲಿ ಮೊಳೆಯಲ್ಲ. ಇನ್ನೊಂದು ಗುಂಪಿನಲ್ಲಿ ಮಾತ್ರ ಮೊಳೆಯುತ್ತೆ. ಹೂವನ್ನು ಎಷ್ಟು ಹೊತ್ತು ನೋಡಿದರೂ ಯಾವ ಗಿಡ ಯಾವ ಗುಂಪು ಅಂತ ಹೇಳೋಕಾಗಲ್ಲ, ಎರಡೂ ಒಂದೇ ಥರ.

ನಮ್ಮ ಹಳ್ಳಿಯ ಲೆಕ್ಕದಲ್ಲಿ ಹೇಳೋದಾದರೆ, ಕಾಡಿನಲ್ಲಿ ಎರಡೇ ಗೋತ್ರ. ಸಗೋತ್ರದಲ್ಲಿ ಸಂಬಂಧ ಇಲ್ಲ. ಗಂಡು ಗಿಡಕ್ಕೆ ಮಾತ್ರ ಗೋತ್ರವೇ ಇಲ್ಲ, ಯಾವ ಮನೆಗಾದರೂ ಹೋಗಬಹುದು!

ಈಗ ಲೆಕ್ಕ ಸರಿಹೋಗುತ್ತೆ. ಸುತ್ತ ನೂರು ದ್ವಿಲಿಂಗಿ ಗಿಡ ಇವೆ ಅಂದುಕೊಳ್ಳಿ, ಐವತ್ತು ಈ ಗುಂಪು, ಐವತ್ತು ಆ ಗುಂಪು. ದ್ವಿಲಿಂಗಿಯ ಪರಾಗ ಕೆಲಸಕ್ಕೆ ಬರುವುದು ಐವತ್ತು ಗಿಡದಲ್ಲಿ. ಗಂಡಿನ ಪರಾಗ ನೂರರಲ್ಲೂ ನಡೆಯುತ್ತೆ. ಬೇಕಾಗಿದ್ದ ಎರಡರಷ್ಟು ಬಂದೇಬಿಟ್ಟಿತಲ್ಲ! ಮೇಲಿಂದ ಗಂಡು ಗಿಡಕ್ಕೆ ಹಣ್ಣು ಬೆಳೆಸುವ ಖರ್ಚೂ ಇಲ್ಲ. ಆ ಶಕ್ತಿಯಲ್ಲಿ ಸ್ವಲ್ಪ ಜಾಸ್ತಿ ಪರಾಗ ಮಾಡಿದರೂ ಅದು ಲಾಭವೇ. ಹಾಗಂತ ಕಾಡೆಲ್ಲ ಗಂಡೇ ಆಗಿಬಿಡಲ್ಲ. ಗಂಡು ಹೆಚ್ಚಾದಷ್ಟೂ ಕಾಯಿ ಬಿಡುವ ಗಿಡ ಕಡಿಮೆ, ಗಂಡಿಗೆ ಗಂಡೇ ಪೈಪೋಟಿ. ಹೀಗೆ ಅರ್ಧದ ಹತ್ತಿರ ಬಂದು ನಿಂತಿದೆ.

ಒಂದು ಪೊದೆಯ ಮದುವೆ ವಿಚಾರ ಅಂತ ಇದನ್ನು ಬಿಟ್ಟುಬಿಡೋ ಹಾಗಿಲ್ಲ, ಯಾಕೆಂದರೆ ಇದರಿಂದ ಆಲಿವ್ ಬೆಳೆಗಾರರಿಗೆ ಕೆಲಸ ಬಂತು. ಫಿಲಿರಿಯಾ ಆಲಿವ್ ಕುಟುಂಬದ್ದೇ. ಹಲವು ಆಲಿವ್ ತಳಿಗಳು ಒಂಟಿಯಾಗಿ ನೆಟ್ಟರೆ ಸರಿಯಾಗಿ ಕಾಯಿ ಕಟ್ಟಲ್ಲ, ನಡುವೆ ಬೇರೆ ತಳಿಯ ಮರ ಬೇಕು ಅಂತ ರೈತರಿಗೆ ಮೊದಲೇ ಗೊತ್ತಿತ್ತು. ಯಾವ ತಳಿಗೆ ಯಾವುದು ಹೊಂದುತ್ತೆ ಅನ್ನೋದರಲ್ಲಿ ಮಾತ್ರ ಗೊಂದಲವೋ ಗೊಂದಲ. ಒಂದು ತೋಟದಲ್ಲಿ ಬಂದ ಫಲಿತಾಂಶ ಇನ್ನೊಂದರಲ್ಲಿ ಬರುತ್ತಿರಲಿಲ್ಲ. 2017ರಲ್ಲಿ ಅದೇ ತಂಡದವರು ಆಲಿವ್‌ನಲ್ಲೂ ಇರುವುದು ಎರಡೇ ಗುಂಪು ಅಂತ ತೋರಿಸಿದರು. ಅಂದರೆ ಹೆಸರು ಬೇರೆ ಬೇರೆ ಇರುವ ಎರಡು ತಳಿ ನೆಟ್ಟರೂ, ಎರಡೂ ಒಂದೇ ಗುಂಪಿನವಾದರೆ ಒಂದಕ್ಕೊಂದು ಉಪಯೋಗವಿಲ್ಲ. ಗಾಳಿಯಲ್ಲಿ ಪಕ್ಕದ ತೋಟದ ಪರಾಗ ಬಂದರೆ ಉಂಟು.

ಮಲ್ಲಿಗೆಯೂ ಇದೇ ಕುಟುಂಬ, ಪಾರಿಜಾತವೂ ಇದೇ ಕುಟುಂಬ. ಮಾಂಪೆಲಿಯೆ ಸುತ್ತಲಿನ ಬೆಟ್ಟಗಳಲ್ಲಿ ಹಳದಿ ಹೂವಿನ ಕಾಡು ಮಲ್ಲಿಗೆ ಒಂದು ಸಿಗುತ್ತೆ, ಜಾಸ್ಮಿನಮ್ ಫ್ರುಟಿಕಾನ್ಸ್. ಅದರಲ್ಲೂ ಎರಡು ಬಗೆಯ ಗಿಡ. ಒಂದರ ಹೂವಿನಲ್ಲಿ ಹೆಣ್ಣು ಭಾಗ ಉದ್ದ, ಕೇಸರ ಕೆಳಗೆ. ಇನ್ನೊಂದರಲ್ಲಿ ಉಲ್ಟಾ. ಇಲ್ಲಿ ಗುಂಪಿನ ಗುರುತು ಕಣ್ಣಿಗೇ ಕಾಣುತ್ತೆ. ಮಲ್ಲಿಗೆಯ ಈ ಎರಡು ಬಗೆ ಮತ್ತು ಫಿಲಿರಿಯಾದ ಕಾಣದ ಎರಡು ಗುಂಪು, ಇವೆರಡರ ಬೇರೂ ಒಂದೇ ಜೀನ್ ಕಂತೆಯಲ್ಲಿದೆ ಅಂತ 2024ರಲ್ಲಿ ಪ್ರಕಟವಾದ ಸಂಶೋಧನೆ ಹೇಳುತ್ತೆ. ವಾರಾಂತ್ಯದಲ್ಲಿ ನಡೆಯೋಕೆ ಹೋದಾಗ ಭೂತಗನ್ನಡಿ ಜೇಬಲ್ಲಿರಲಿ.

ಹಾಗಾಗಿ ದಯವಿಟ್ಟು ಆ ಗಿಡ ಕಿತ್ತು ಹಾಕಬೇಡಿ. ಪಕ್ಕದವರ ಗಿಡ ಹಣ್ಣು ತುಂಬಿಕೊಳ್ಳುವುದರಲ್ಲಿ ನಿಮ್ಮ ಗಿಡದ ಪಾಲೂ ಇರಬಹುದು.

ಇಷ್ಟು ನಿಧಾನವಾಗಿ ಬೆಳೆಯುವ ಪೊದೆಯನ್ನು ನರ್ಸರಿಯವರು ಯಾಕೆ ಕೊಟ್ಟರು ಅಂತ ನಿಮಗೆ ಅನ್ನಿಸಿರಬಹುದು. ಅವರು ಕೊಟ್ಟದ್ದು ಒಳ್ಳೆಯದೇ. ಯುರೋಪಿನಲ್ಲಿ ಕತ್ತರಿಸಿ ಆಕಾರ ಕೊಡುವ ಬೇಲಿ ಅಂದರೆ ಬಾಕ್ಸ್ ಗಿಡ ಅನ್ನುವಂತಿತ್ತು. ಅದಕ್ಕೆ ಶಿಲೀಂಧ್ರ ರೋಗ ಬಂತು. ಆಮೇಲೆ ಪೂರ್ವ ಏಷ್ಯಾದ ಒಂದು ಪತಂಗ 2007ರಲ್ಲಿ ಜರ್ಮನಿಯಲ್ಲಿ ಕಾಣಿಸಿಕೊಂಡು, ಎಲ್ಲಾ ಕಡೆ ಹರಡಿ, ಅದರ ಹುಳು ಬಾಕ್ಸ್ ಬೇಲಿಗಳನ್ನು ಬೋಳು ಮಾಡಿತು. ಬದಲಿ ಹುಡುಕುವಾಗ ಫಿಲಿರಿಯಾ ಮತ್ತೆ ನೆನಪಿಗೆ ಬಂತು. ಮತ್ತೆ ಅಂದದ್ದು ಯಾಕೆಂದರೆ 16ನೇ ಶತಮಾನದ ಕೊನೆಯ ಹೊತ್ತಿಗೇ ಇದು ಇಂಗ್ಲೆಂಡಿನ ತೋಟಗಳಿಗೆ ಹೋಗಿತ್ತು. 17ನೇ ಶತಮಾನದಲ್ಲಿ ಜಾನ್ ಎವೆಲಿನ್ ಅಂಥ ತೋಟಗಾರಿಕೆ ಬರಹಗಾರರು ಇದರ ಬೇಲಿಯನ್ನು ಹೊಗಳಿದ್ದರು. ಕತ್ತರಿಸಿದ ತೋಟದ ಶೋಕಿ ಹೋದ ಮೇಲೆ ಇದೂ ಮೂಲೆಗೆ ಹೋಯಿತು. ಈಗ ಅಗಲ ಎಲೆಯದನ್ನು ಮೋಡದ ಮುದ್ದೆಗಳ ಹಾಗೆ ಕತ್ತರಿಸಿ ಭಾರಿ ಬೆಲೆಗೆ ಮಾರುತ್ತಾರೆ. ನನಗೇನೋ ಅಷ್ಟು ದುಡ್ಡು ಕೊಟ್ಟು ಗಿಡಕ್ಕೆ ಹೇರ್‌ಕಟ್ ಮಾಡಿಸೋದು ಇಷ್ಟವಿಲ್ಲ. ಬಿಟ್ಟು ಬೆಳೆಸಿದ ಫಿಲಿರಿಯಾ ಅದಕ್ಕಿಂತ ಚೆಂದ.

ಶೋಕಿಗಿಂತ ದೊಡ್ಡ ಕಾರಣ ಬರ. ಇದರಲ್ಲಿ ಗಟ್ಟಿ ಪುರಾವೆ ಇರುವುದು ಅಗಲ ಎಲೆಯದರ ಬಗ್ಗೆ. ಸ್ಪೇನಿನ ಕ್ಯಾಟಲೋನಿಯಾದ ಪ್ರಾದೆಸ್ ಬೆಟ್ಟಗಳಲ್ಲಿ 1999ರಿಂದ ಒಂದು ಪ್ರಯೋಗ ನಡೆದಿದೆ. ಅಲ್ಲಿನ ಕಾಡಿನ ಮುಖ್ಯ ಮರ ಹೋಲ್ಮ್ ಓಕ್. ಅದರ ಜೊತೆ ಸ್ಟ್ರಾಬೆರಿ ಟ್ರೀ ಅನ್ನುವ ಮರ ಮತ್ತು ಫಿಲಿರಿಯಾ. ಕಾಡಿನ ಕೆಲವು ತುಂಡುಗಳಲ್ಲಿ ಮರಗಳ ಕೆಳಗೆ ಪ್ಲಾಸ್ಟಿಕ್ ಪಟ್ಟಿ ಕಟ್ಟಿ ಮಳೆನೀರನ್ನು ಹೊರಗೆ ಹರಿಸಿದರು. ಮೇಲಿನಿಂದ ಹರಿದು ಬರುವ ನೀರಿಗೂ ಕಾಲುವೆ ತೋಡಿ ತಡೆದರು. ಮಣ್ಣಿನ ತೇವ ಸುಮಾರು 15 ಶೇಕಡ ಇಳಿಯಿತು. ಅಷ್ಟಕ್ಕೇ ಓಕ್ ಮತ್ತು ಸ್ಟ್ರಾಬೆರಿ ಮರದ ಬೆಳವಣಿಗೆ ಕುಗ್ಗಿತು, ಓಕ್‌ಗಳು ಹೆಚ್ಚು ಸತ್ತವು. ಫಿಲಿರಿಯಾಕ್ಕೆ ಅಷ್ಟಾಗಿ ಏನೂ ಆಗಲಿಲ್ಲ. 1994ರ ದೊಡ್ಡ ಬರದಲ್ಲೂ ಅಲ್ಲಿ ಹೀಗೇ ಆಗಿತ್ತು: ಓಕ್ ಕಾಡು ಕಂದು ಬಣ್ಣಕ್ಕೆ ತಿರುಗಿದಾಗ ಫಿಲಿರಿಯಾ ಹಸಿರಾಗೇ ಇತ್ತು. ಇದರ ಮರದೊಳಗಿನ ನೀರಿನ ನಾಳಗಳು ಸಣ್ಣ. ಒಣಗುವಾಗ ದೊಡ್ಡ ನಾಳದಲ್ಲಿ ಗಾಳಿಗುಳ್ಳೆ ಸೇರಿ ನೀರಿನ ದಾರ ಬೇಗ ಕಡಿದುಹೋಗುತ್ತೆ, ಸಣ್ಣದರಲ್ಲಿ ಅಷ್ಟು ಸುಲಭವಾಗಿ ಆಗಲ್ಲ. ಬೆಲೆ ಕೊಡಬೇಕಾದ್ದು ವೇಗದಲ್ಲಿ. ಅದಕ್ಕೇ ನಿಮ್ಮ ಬೇಲಿ ಇಷ್ಟು ನಿಧಾನ. ಬೆಂಕಿ ಬಿದ್ದರೂ ಕಡಿದರೂ ಬುಡದಿಂದ ಮತ್ತೆ ಚಿಗುರುತ್ತೆ. ಚಳಿಗೂ ಪರವಾಗಿಲ್ಲ, ಮೈನಸ್ 10 ಡಿಗ್ರಿಯ ತನಕ ತಡೆಯುತ್ತೆ.

ಬರ ತಡೆಯುತ್ತೆ ಅಂದ ಕೂಡಲೇ ತುಮಕೂರಿಗೆ ಸರಿ ಅಂತ ನಿಮಗೆ ಅನ್ನಿಸಿದ್ದರೆ ತಪ್ಪೇನಿಲ್ಲ. ಆದರೆ ಬೇಡ ಅನ್ನುತ್ತೇನೆ. ಮೆಡಿಟರೇನಿಯನ್ ಸುತ್ತ ಮಳೆ ಬರುವುದು ತಂಪು ಕಾಲದಲ್ಲಿ, ಬಿಸಿಲ ಕಾಲ ಪೂರ್ತಿ ಒಣ. ನಮ್ಮಲ್ಲಿ ಮಳೆ ಬರುವಾಗಲೇ ನೆಲ ಬೆಚ್ಚಗಿರುತ್ತೆ. ಬೆಚ್ಚಗಿನ ಒದ್ದೆ ಮಣ್ಣಿನಲ್ಲಿ ಇಂಥ ಗಿಡದ ಬೇರು ಕೊಳೆಯುವ ಭಯ ಹೆಚ್ಚು. ಚಳಿ ಸಾಲದೆ ಹೂವೂ ಸರಿಯಾಗಿ ಬರುವ ಭರವಸೆ ಇಲ್ಲ. ಬೀಜದ ಓಟೆ ಗಟ್ಟಿ, ಅದನ್ನು ಸವೆಸಿ, ತಣ್ಣಗೆ ಇಟ್ಟು, ಆಮೇಲೆ ಮೊಳಕೆಗೆ ಕಾಯಬೇಕು.

ಅದಕ್ಕಿಂತ ಮುಖ್ಯವಾಗಿ, ಬೀಜವನ್ನಾಗಲಿ ಕಡ್ಡಿಯನ್ನಾಗಲಿ ಸೂಟ್‌ಕೇಸಿನಲ್ಲಿ ಹಾಕಿಕೊಂಡು ಬರುವ ಹಾಗಿಲ್ಲ. ಭಾರತದ 2003ರ ಸಸ್ಯ ಕ್ವಾರಂಟೈನ್ ಆದೇಶದ ಪ್ರಕಾರ ಆಮದು ಪರವಾನಗಿ ಬೇಕು, ಆ ದೇಶದವರು ಕೊಟ್ಟ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಸುಮ್ನೆ ಮಾಡಿದ ನಿಯಮ ಅಲ್ಲ ಇದು. ಇಟಲಿಯ ಪುಲಿಯಾದಲ್ಲಿ 2013ರಲ್ಲಿ ಪತ್ತೆಯಾದ ಕ್ಸೈಲೆಲ್ಲಾ ಬ್ಯಾಕ್ಟೀರಿಯಾ ಆಲಿವ್ ತೋಟಗಳನ್ನೇ ಒಣಗಿಸಿಹಾಕಿತು. ಅದು ಸೇರಿಕೊಳ್ಳುವ ಗಿಡಗಳ ಪಟ್ಟಿಯಲ್ಲಿ ಫಿಲಿರಿಯಾದ ಹೆಸರೂ ಇದೆ. ಇನ್ನೊಂದು ಉದಾಹರಣೆ ನಮ್ಮವರಿಗೆ ಹತ್ತಿರದ್ದು. ಸಿಫೊನೈನಸ್ ಫಿಲಿರಿಯೇ ಅನ್ನುವ ಬಿಳಿನೊಣಕ್ಕೆ ಹೆಸರು ಬಂದದ್ದೇ ಈ ಗಿಡದಿಂದ. ಅದು 1988ರಲ್ಲಿ ಕ್ಯಾಲಿಫೋರ್ನಿಯಾಕ್ಕೆ ಹೋಗಿ ರಸ್ತೆ ಬದಿಯ ಮರಗಳ ಎಲೆ ಉದುರಿಸಿತು. ಕೊನೆಗೆ ಅದರ ಮೇಲೆ ಬದುಕುವ ಪುಟ್ಟ ಕಣಜವನ್ನು ತಂದು ಬಿಟ್ಟು ಹತೋಟಿಗೆ ತಂದರು. ಅದೇ ಬಿಳಿನೊಣ ಭಾರತದಲ್ಲಿ ದಾಳಿಂಬೆಯ ಮೇಲೂ ದಾಖಲಾಗಿದೆ. ದಾಳಿಂಬೆ ಬೆಳೆಯುವ ಸೀಮೆಗೆ ಇಂಥದ್ದರ ಹೊಸ ಕಂತು ಬೇಡ ಅಲ್ವಾ?

ಊರಲ್ಲಿ ಕತ್ತರಿಸುವ ಬೇಲಿ ಬೇಕು ಅಂದರೆ ಕಾಮಿನಿ ಹಾಕಿ. ನರ್ಸರಿಯಲ್ಲಿ ಸುಲಭವಾಗಿ ಸಿಗುತ್ತೆ, ಹೂವಿಗೆ ಪರಿಮಳವೂ ಇದೆ. ಆಲಿವ್ ಕುಟುಂಬದ್ದೇ ಬೇಕು ಅಂತಿದ್ದರೆ ಮಲ್ಲಿಗೆ ಇದೆಯಲ್ಲ.

ಮಾಂಪೆಲಿಯೆ ಹಿತ್ತಲಿಗೆ ಹಣ್ಣಿನ ಫಿಲಿರಿಯಾ ಬೇಕು ಅಂದರೆ ಪಕ್ಕದವರನ್ನು ಕೇಳಿ ಬೇಸಿಗೆಯ ಕೊನೆಯಲ್ಲಿ ಅರೆ ಬಲಿತ ಕಡ್ಡಿ ತನ್ನಿ. ಕಡ್ಡಿಯಿಂದ ಬಂದ ಗಿಡ ತಾಯಿ ಗಿಡದ ಹಾಗೇ ಇರುತ್ತೆ, ಕಾಯಿ ಬಿಡುತ್ತೆ. ಬೀಜದಿಂದ ಮಾಡಿದರೆ ಗಂಡೋ ದ್ವಿಲಿಂಗಿಯೋ ಅಂತ ತಿಳಿಯಲು ಹೂ ಬಿಡುವ ತನಕ, ಅಂದರೆ ವರ್ಷಗಟ್ಟಲೆ, ಕಾಯಬೇಕು. ಕಡ್ಡಿ ಬೇರು ಬಿಡುವುದೂ ನಿಧಾನವೇ, ಒಂದರ ಬದಲು ಹತ್ತು ನೆಡಿ. ತಾಳ್ಮೆ ಇಲ್ಲದಿದ್ದರೆ ಅಕ್ಟೋಬರ್‌ನಲ್ಲಿ ನರ್ಸರಿಗೆ ಹೋಗಿ, ಹಣ್ಣು ಇರುವ ಗಿಡವನ್ನೇ ಆರಿಸಿ. ನೆಡುವುದಕ್ಕೂ ಅದೇ ಸರಿಯಾದ ಕಾಲ, ಮುಂದೆ ಮಳೆ ಇರುತ್ತೆ. ಮೊದಲ ಎರಡು ಬೇಸಿಗೆ ಅಪರೂಪಕ್ಕೆ, ಆದರೆ ಆಳವಾಗಿ ನೀರು ಕೊಡಿ. ಆಮೇಲೆ ಅದರ ಪಾಡಿಗೆ ಬಿಡಿ.

ಒಂದು ವರ್ಷ ಹಣ್ಣು ಕಡಿಮೆಯಾದರೆ ಮತ್ತೆ ಗೊಬ್ಬರದ ಚೀಲಕ್ಕೆ ಕೈ ಹಾಕಬೇಡಿ. ಅಗಲ ಎಲೆಯದಂತೂ ದಕ್ಷಿಣ ಸ್ಪೇನಿನಲ್ಲಿ ಎಷ್ಟೋ ವರ್ಷ ಕಾಯಿಯೇ ಬಿಡದೆ ಇದ್ದು, ಒಂದು ವರ್ಷ ಇದ್ದಕ್ಕಿದ್ದಂತೆ ಬೆಟ್ಟ ತುಂಬ ಹಣ್ಣು ಬಿಟ್ಟದ್ದನ್ನು ವಿಜ್ಞಾನಿಗಳು ದಾಖಲಿಸಿದ್ದಾರೆ. ಹಣ್ಣು ಬಂದಾಗಲೂ ಅದು ನಮ್ಮ ಬಾಯಿಗಲ್ಲ. ಕರಿ ನೆತ್ತಿಯ ಉಲಿಯಕ್ಕಿ, ರಾಬಿನ್ ಇವೆಲ್ಲ ಚಳಿಗಾಲದಲ್ಲಿ ಬಂದು ತಿಂದು ಬೀಜ ಬೀಳಿಸುತ್ತವೆ. ಬೇಲಿಯ ಬುಡದಲ್ಲಿ ಯಾರೂ ನೆಡದ ಎಳೆ ಗಿಡ ಕಂಡರೆ ಕಳೆ ಅಂತ ಕೀಳುವ ಮುಂಚೆ ಎಲೆ ಎದುರುಬದುರಾಗಿದೆಯಾ ನೋಡಿ.